ಮನಸ್ಸಿನ ಕಿರ್ದಿ ಬರೆಯುವ ಕ್ರಮ

ದಾವಣಗೆರೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ನಾನು ಬಹಳ ವರ್ಷ ಲೆಕ್ಕ ಬರೆದವನು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಕೈಬರಹದ ಪುಸ್ತಕಗಳಿದ್ದ ಮೇಜಿಗೆ ಕಂಪ್ಯೂಟರ್ ಬಂತು. ಅದರ ಮುಂದೆ ಕುಳಿತಾಗಲೆಲ್ಲ ನನ್ನೊಳಗೆ ಏಳುತ್ತಿದ್ದದ್ದು ಒಂದೇ ಮಾತು: "ಈ ವಯಸ್ಸಿನಾಗೆ ನನ್ ತಲೆಗೆ ಇದು ಹತ್ತಂಗಿಲ್ಲ." ಆ ಮಾತು ಬಂದ ಕೂಡಲೇ ಪಕ್ಕದ ಹುಡುಗನನ್ನು ಕರೆದು ಬಿಲ್ ಹಾಕಿಸುತ್ತಿದ್ದೆ; ಅವನು ಹಾಕಿದ್ದರಿಂದ ನಾನು ಕಲಿಯಲಿಲ್ಲ, ಕಲಿಯದಿದ್ದರಿಂದ ಮರುದಿನ ಅದೇ ಮಾತು ಇನ್ನಷ್ಟು ನಿಜವಾಗಿ ಕಾಣುತ್ತಿತ್ತು. ಎರಡು ತಿಂಗಳು ಹೀಗೆ ಕಳೆದ ಮೇಲೆ, ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಅದರ ಮೇಲೆ ಪ್ರಯೋಗಿಸಿದೆ: ಆ ಮಾತನ್ನು ಕಿರ್ದಿಗೆ, ಅಂದರೆ ದಿನದಿನದ ವ್ಯವಹಾರ ಬರೆದಿಡುವ ಲೆಕ್ಕದ ಪುಸ್ತಕಕ್ಕೆ, ಏರಿಸಿದೆ. ಅಲ್ಲಿಂದ ರೂಢಿಸಿಕೊಂಡು ಬಂದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಯೋಚನೆಯ ಅಭ್ಯಾಸವನ್ನು ಬದಲಿಸಿಕೊಳ್ಳಬೇಕೆಂದು ನಿಜವಾಗಿಯೂ ಬಯಸುವವರಿಗೆ ಇದು ಉಪಯೋಗಕ್ಕೆ ಬರುತ್ತದೆ ಎಂಬ ನಂಬಿಕೆ ನನ್ನದು.

ಮೊದಲಿಗೆ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕವೊಂದನ್ನು ಇಟ್ಟುಕೊಳ್ಳಿ. ನಿಮ್ಮನ್ನು ಪದೇಪದೇ ಹಿಂದಕ್ಕೆಳೆಯುವ ಮಾತುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಸ್ವಭಾವವನ್ನೆಲ್ಲ ಒಟ್ಟಿಗೆ ತಿದ್ದಲು ಹೊರಟವರು ಹಬ್ಬದ ದಿನ ಸಂಕಲ್ಪ ಮಾಡಿ ವಾರದೊಳಗೆ ಕೈಬಿಡುವುದನ್ನು ನಾನು ಬಹಳ ಕಂಡಿದ್ದೇನೆ. ಆ ಒಂದು ಮಾತು ಮನಸ್ಸಿಗೆ ಬಂದಾಗಲೆಲ್ಲ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಗಂಟೆ, ಎಲ್ಲಿದ್ದೆ, ಬಂದ ಮಾತು ಯಾವುದು, ಆ ಮೇಲೆ ಏನು ಮಾಡಿದೆ. ಒಂದು ವಾರದವರೆಗೆ ಇಷ್ಟೇ ಕೆಲಸ. ಕಿರ್ದಿ ಬರೆಯುವವನು ವ್ಯವಹಾರ ನಡೆದ ಹಾಗೆಯೇ ನಮೂದಿಸುತ್ತಾನೆ. ಅದು ಒಳ್ಳೆಯದೋ ಕೆಟ್ಟದೋ ಎಂದು ಅಲ್ಲಿ ಷರಾ ಹಾಕುವುದಿಲ್ಲ. ಈ ವಾರ ನೀವೂ ನಿಮ್ಮನ್ನು ಬೈದುಕೊಳ್ಳಬೇಡಿ, ತಿದ್ದಿಕೊಳ್ಳಲೂ ಹೋಗಬೇಡಿ.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಮಾತನ್ನು ಅದು ಬಂದ ಭಾಷೆಯಲ್ಲೇ ಬರೆಯಬೇಕು. ನಮ್ಮ ಮನಸ್ಸು ಪುಸ್ತಕದ ಕನ್ನಡದಲ್ಲಿ ಯೋಚಿಸುವುದಿಲ್ಲ. "ನನಗೆ ಆತ್ಮವಿಶ್ವಾಸದ ಕೊರತೆಯಿದೆ" ಎಂದು ಬರೆದರೆ ಅದು ಯಾರದೋ ಮಾತಿನಂತೆ ಕಾಣುತ್ತದೆ, ಅದರಿಂದ ಏನೂ ಹೊಳೆಯುವುದಿಲ್ಲ. "ನಮ್ ಕೈಯಾಗೆ ಎಲ್ಲಿ ಆಗ್ತೈತಿ ಬಿಡು" ಎಂದು ಬರೆದಾಗ ಅದರೊಳಗಿನ 'ಬಿಡು' ಎಂಬ ಪದ ಕಣ್ಣಿಗೆ ಬೀಳುತ್ತದೆ, ಆ 'ಬಿಡು' ಯಾರ ಬಾಯಿಂದ ಕಲಿತದ್ದು ಎಂಬುದೂ ನೆನಪಾಗುತ್ತದೆ. ನನ್ನ ವಿಷಯದಲ್ಲಿ ಅದು ನಮ್ಮ ತಂದೆಯವರ ಮಾತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಶೇಂಗಾ ಹೊಲದ ಬದುವಿನ ಮೇಲೆ ನಿಂತು ಅವರು ಹಾಗೆ ಹೇಳುತ್ತಿದ್ದರು. ಅವರಿಗೆ ಆ ಮಾತು ತಾಳಿಕೊಳ್ಳುವ ಶಕ್ತಿ ಕೊಟ್ಟಿತು, ನನಗೆ ಕಂಪ್ಯೂಟರಿನ ಮುಂದಿನಿಂದ ಎದ್ದು ಹೋಗಲು ನೆಪ ಕೊಟ್ಟಿತು.

ಹೀಗೆ ಬರೆದು ಪರಿಶೀಲಿಸುವ ವಿಧಾನ ಮನೋವೈದ್ಯರಿಗೆ ಹೊಸದಲ್ಲ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದಾಗ, ಅವರ ಮನಸ್ಸಿನಲ್ಲಿ ಕ್ಷಣಮಾತ್ರದಲ್ಲಿ ಹಾದುಹೋಗುವ, ಅವರೇ ಸರಿಯಾಗಿ ಗಮನಿಸದ ಸಣ್ಣ ಸಣ್ಣ ಮಾತುಗಳಿರುವುದನ್ನು ಗುರುತಿಸಿ, ಅವು ತಾವಾಗಿಯೇ ಏಳುವ ಯೋಚನೆಗಳು ಎಂದು ಕರೆದರು. ಆ ಯೋಚನೆಗಳನ್ನು ಹಿಡಿದು, ಬರೆದು, ಸಾಕ್ಷ್ಯದೊಂದಿಗೆ ಹೋಲಿಸುವುದು ಅವರು ರೂಪಿಸಿದ ಚಿಕಿತ್ಸೆಯ ಒಂದು ಮುಖ್ಯ ಭಾಗವಾಯಿತು. ನಾವು ಅಂಗಡಿಯಲ್ಲಿ ತಾಳೆ ನೋಡುವುದು ಎನ್ನುತ್ತೇವಲ್ಲ, ಅದೇ ಕೆಲಸ.

ಎರಡನೆಯ ವಾರದಲ್ಲಿ ಈ ತಾಳೆ ನೋಡುವ ಕೆಲಸ ಆರಂಭವಾಗಲಿ. ಬರೆದ ಮಾತುಗಳಲ್ಲಿ 'ಯಾವಾಗಲೂ', 'ಎಂದಿಗೂ', 'ಎಲ್ಲರೂ' ಎಂಬ ಪದಗಳ ಕೆಳಗೆ ಗೆರೆ ಎಳೆಯಿರಿ. ಸುಳ್ಳು ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ. ನಾವು ಮಾರಿಕಣಿವೆ ಎನ್ನುವ ಹಿರಿಯೂರಿನ ವಾಣಿ ವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಹುಟ್ಟಿ ಬೆಳೆದವರಿಗೆ ಮಾರಿಕಣಿವೆ ಎಂದೂ ತುಂಬದು ಎನ್ನುವುದು ಕಣ್ಣಾರೆ ಕಂಡ ಸತ್ಯವೇ ಆಗಿತ್ತು. 'ಇದುವರೆಗೆ ತುಂಬಿಲ್ಲ' ಎಂಬುದಕ್ಕೂ 'ಎಂದಿಗೂ ತುಂಬದು' ಎಂಬುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ತೋರಿಸಲು ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ತಿಳಿದಿಲ್ಲ. ಆದರೆ ಜಲಾಶಯ ತುಂಬಿದ್ದು ಯಾರೋ ಒಳ್ಳೆಯದನ್ನು ಯೋಚಿಸಿದ್ದರಿಂದಲ್ಲ, ನೀರು ಬಂದದ್ದರಿಂದ. ಬತ್ತಿದ ಕೊಳವೆಬಾವಿ, ಬಡ್ಡಿಯ ಸಾಲ, ಮನೆಯಲ್ಲಿನ ಕಾಯಿಲೆ ಇವು ಮನೋಭಾವದ ದೋಷಗಳಲ್ಲ. ಇಂಥ ಕಷ್ಟದಲ್ಲಿರುವವರಿಗೆ "ನಿಮ್ಮ ಯೋಚನೆ ಬದಲಿಸಿಕೊಳ್ಳಿ" ಎಂದು ಉಪದೇಶಿಸುವುದು ತಪ್ಪು. ಅಲ್ಲಿ ಬೇಕಾದದ್ದು ನೆರವು.

ಇನ್ನು ನಮ್ಮ ಕಡೆ ಹೆಂಗಸರು ಗಂಡಸರೆನ್ನದೆ ಎಲ್ಲರ ಕಿರ್ದಿಯಲ್ಲೂ ಕಾಣಿಸಿಕೊಳ್ಳುವ ಮಾತು, "ನಾಕು ಮಂದಿ ಏನಂದಾರು". ಇದಕ್ಕೆ ಬೇರೆಯದೇ ಪರೀಕ್ಷೆ ಬೇಕು: ಆ ನಾಲ್ಕು ಮಂದಿ ಯಾರು? ಹಾಳೆಯ ಮೇಲೆ 1ರಿಂದ 4ರವರೆಗೆ ಅಂಕಿ ಹಾಕಿ, ಎದುರಿಗೆ ಹೆಸರು ಬರೆಯಿರಿ. ಹೊಳಲ್ಕೆರೆಯಲ್ಲಿರುವ ನನ್ನ ತಂಗಿ ಮನೆಯಲ್ಲಿ ಹೊಲಿಗೆ ಯಂತ್ರವಿದ್ದರೂ ಹೊರಗಿನವರ ಬಟ್ಟೆ ಹೊಲಿಯಲು ಮೂರು ವರ್ಷ ಹಿಂಜರಿದಳು. ಒಂದು ದೀಪಾವಳಿಗೆ ಬಂದಾಗ ನಾನು ಈ ಹಾಳೆಯನ್ನು ಅವಳ ಮುಂದಿಟ್ಟೆ. ಮೊದಲ ಹೆಸರು ಅವಳ ಓರಗಿತ್ತಿಯದು, ಎರಡನೆಯದು ಎದುರು ಮನೆಯ ಅಜ್ಜಿಯದು. ಮೂರನೆಯ ಅಂಕಿಯ ಎದುರು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಳು. "ಅಣ್ಣಾ, ಮುಂದೆ ಯಾರೂ ನೆನಪಿಗೆ ಬರ್ತಿಲ್ಲ" ಎಂದಳು. ಎದುರು ಮನೆಯ ಅಜ್ಜಿ ಏನನ್ನಬಹುದು ಎಂದು ಕೇಳಿದೆ. ತನ್ನ ಮೊಮ್ಮಗಳ ಲಂಗ ಹೊಲಿದುಕೊಡು ಎಂದು ಅವರು ಆಗಲೇ ಎರಡು ಸಲ ಕೇಳಿದ್ದರಂತೆ! ಉಳಿದದ್ದು ಓರಗಿತ್ತಿ ಒಬ್ಬಳೇ. ಅವಳ ಅಸಮಾಧಾನ ನಿಜವಾದದ್ದೇ ಆಗಿತ್ತು, ಅದು ಇಂದಿಗೂ ಪೂರ್ತಿ ಹೋಗಿಲ್ಲ; ಆದರೆ ಊರಿಗೆ ಊರೇ ಆಡಿಕೊಳ್ಳುತ್ತದೆ ಎಂಬ ಭಯವನ್ನು ಹೊತ್ತು ತಿರುಗುವುದಕ್ಕಿಂತ ಒಬ್ಬಳ ಅಸಮಾಧಾನವನ್ನು ಎದುರಿಸುವುದು ನನ್ನ ತಂಗಿಗೆ ಸಾಧ್ಯವಾಯಿತು. ಹಾಳೆಯಲ್ಲಿ ನಾಲ್ಕೂ ಹೆಸರು ತುಂಬಿದರೆ ಆಗಲೂ ನಷ್ಟವಿಲ್ಲ, ಯಾರೊಂದಿಗೆ ಕುಳಿತು ಮಾತನಾಡಬೇಕೆಂಬುದು ತಿಳಿದಂತಾಯಿತು.

ತಾಳೆ ನೋಡಿದ ಮೇಲೆ ಹಳೆಯ ಮಾತಿನ ಜಾಗದಲ್ಲಿ ಹೊಸದೊಂದನ್ನು ಬರೆಯಬೇಕು. ಬಹಳ ಮಂದಿ ಎಡವುವುದು ಇಲ್ಲಿಯೇ. "ನನ್ನಿಂದ ಎಲ್ಲವೂ ಸಾಧ್ಯ" ಎಂದು ಬರೆದರೆ ಮನಸ್ಸು ನಂಬುವುದಿಲ್ಲ, ಏಕೆಂದರೆ ಅದಕ್ಕೆ ನಮ್ಮ ಹಳೆಯ ಲೆಕ್ಕವೆಲ್ಲ ಗೊತ್ತು. ಸಾಕ್ಷ್ಯ ಒಪ್ಪುವಷ್ಟನ್ನೇ ಬರೆಯಿರಿ. ನಾನು ಬರೆದದ್ದು: "ಇವತ್ತು ಒಂದು ಬಿಲ್ ನಾನೇ ಹಾಕ್ತೀನಿ, ತಪ್ಪಾದರೆ ಹುಡುಗ ತೋರಿಸ್ತಾನೆ." ಅದರಲ್ಲಿ ಹೆಗ್ಗಳಿಕೆಯಿಲ್ಲ, ಸುಳ್ಳೂ ಇಲ್ಲ.

ಆ ಮಾತನ್ನು ಒಂದು ಗೂಟಕ್ಕೆ ಕಟ್ಟಬೇಕು. 'ಇಂಥ ಸಂದರ್ಭ ಬಂದರೆ ಇಂಥದ್ದನ್ನು ಮಾಡುತ್ತೇನೆ' ಎಂದು ಮೊದಲೇ ನಿಶ್ಚಯಿಸಿಕೊಂಡವರು ಬರೀ ಗುರಿಯನ್ನಷ್ಟೇ ಇಟ್ಟುಕೊಂಡವರಿಗಿಂತ ಹೆಚ್ಚಾಗಿ ಅದನ್ನು ನೆರವೇರಿಸುತ್ತಾರೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆಗಳು ತೋರಿಸಿವೆ. ಕಿರ್ದಿಯ ಮೊದಲ ಎರಡು ಕಲಮುಗಳು ಈಗ ಕೆಲಸಕ್ಕೆ ಬರುತ್ತವೆ: ಹಳೆಯ ಮಾತು ಹೆಚ್ಚಾಗಿ ಎಷ್ಟು ಗಂಟೆಗೆ, ಎಲ್ಲಿ ಬರುತ್ತದೆ ಎಂಬುದು ಅಲ್ಲಿದೆ. ನನಗೆ ಅದು ಬೆಳಿಗ್ಗೆ ಹತ್ತೂವರೆಗೆ, ಮೊದಲ ಗಿರಾಕಿ ಬಂದಾಗ ಬರುತ್ತಿತ್ತು. ಆದ್ದರಿಂದ 'ಮೊದಲ ಗಿರಾಕಿಯ ಬಿಲ್ ನನ್ನದು' ಎಂದು ಕಟ್ಟುಮಾಡಿಕೊಂಡೆ. ಕುಂದವಾಡ ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆಗೆ ಬರುವ ಗೆಳೆಯರೊಬ್ಬರಿಗೆ ಮಗನ ಮೇಲೆ ರೇಗುವ ಚಾಳಿಯಿತ್ತು. ಅವರ ಗೂಟ ಮನೆಯ ಗೇಟು: ಚಿಲಕಕ್ಕೆ ಕೈ ಹಾಕಿದಾಗ, ಮಗನನ್ನು ಮೊದಲು ಕೇಳಬೇಕಾದ ಪ್ರಶ್ನೆಯನ್ನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಂಡು ಒಳಗೆ ಹೋಗುವುದು. ಆ ಪ್ರಶ್ನೆ ಅಂಕಗಳ ಬಗ್ಗೆ ಇರಬಾರದು ಎಂಬುದು ಅವರೇ ಹಾಕಿಕೊಂಡ ನಿಯಮ.

ಹಳೆಯ ಮಾತು ಮತ್ತೆ ಬಂದರೆ ಅದನ್ನು ಅದುಮಿಡಲು ಹೋಗಬೇಡಿ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬಾರದು, ನೆನಪಾದರೆ ಗಂಟೆ ಬಾರಿಸಬೇಕು ಎಂದು ಹೇಳಲಾಗಿತ್ತು. ಅವರು ಗಂಟೆ ಬಾರಿಸುತ್ತಲೇ ಇದ್ದರು. ನಿರ್ಬಂಧ ತೆಗೆದ ಮೇಲಂತೂ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಹೆಚ್ಚು ಸಲ ಅದನ್ನೇ ನೆನೆದರು. ಬಂದ ಮಾತನ್ನು "ಬಂತು" ಎಂದು ಬರೆದು, ಕಟ್ಟುಮಾಡಿಕೊಂಡ ಕೆಲಸಕ್ಕೆ ಕೈ ಹಾಕಿದರೆ ಸಾಕು.

ಎಷ್ಟು ದಿನ ಎಂದು ಎಲ್ಲರೂ ಕೇಳುತ್ತಾರೆ. 21 ದಿನ ಎಂಬ ಪ್ರಸಿದ್ಧ ಲೆಕ್ಕಕ್ಕೆ ಗಟ್ಟಿ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿದಾಗ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸುಮಾರು 66 ದಿನ ಹಿಡಿಯುತ್ತದೆಂದು ಕಂಡುಬಂತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗಬಹುದೆಂದು ಅವರು ಅಂದಾಜಿಸಿದರು. ಆ ಅಧ್ಯಯನ ಊಟ, ನೀರು, ವ್ಯಾಯಾಮದಂಥ ಅಭ್ಯಾಸಗಳನ್ನು ಕುರಿತದ್ದು, ಯೋಚನೆಯ ಅಭ್ಯಾಸ ಅದಕ್ಕಿಂತ ಬೇಗ ಬದಲಾಗುತ್ತದೆಂದು ನಾನು ನಿರೀಕ್ಷಿಸುವುದಿಲ್ಲ. ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಕಂಡ ಸಂಗತಿ. ಆದ್ದರಿಂದ ತಪ್ಪಿದ ದಿನದ ಪುಟವನ್ನು ಖಾಲಿ ಬಿಟ್ಟು, ಮರುದಿನದ ತಾರೀಖು ಹಾಕಿ ಮುಂದುವರಿಸಿ. ನಾನು ಕೊನೆಯ ಸಲ ಹುಡುಗನಿಂದ ಬಿಲ್ ಹಾಕಿಸಿಕೊಂಡದ್ದು ನಾಲ್ಕನೆಯ ತಿಂಗಳಲ್ಲಿ.

ಈ ಕ್ರಮಕ್ಕೂ ಒಂದು ಗಡಿಯಿದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಕೆಲಸ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಅಥವಾ ಕಿರ್ದಿಯಲ್ಲಿ ಬದುಕೇ ಬೇಡ ಎಂಬ ಅರ್ಥದ ಮಾತು ಒಂದೇ ಸಲ ಕಂಡರೂ, ಪುಸ್ತಕವನ್ನು ಬದಿಗಿಟ್ಟು ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪುಸ್ತಕ ತಂದ ದಿನವೇ ರಟ್ಟಿನ ಒಳಬದಿಯಲ್ಲಿ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.