ಅವತ್ತು ನಾನು ಹೋಗಬಾರದಿತ್ತು

ನಾನು ಪ್ರೇಮಕಥೆ ಬರೆಯುವವಳು. ಸಣ್ಣ ಊರಲ್ಲಿದ್ದುಕೊಂಡು, ಸಣ್ಣ ಊರಿನವರ ಬಗ್ಗೆಯೇ ಬರೆಯುತ್ತೇನೆ. ಅದರಲ್ಲೂ ಒಮ್ಮೆ ದೂರವಾದವರು ಮತ್ತೆ ಹತ್ತಿರವಾಗುವ ಕಥೆ ಅಂದರೆ ನನಗೆ ಮೊದಲಿಂದಲೂ ಪ್ರಾಣ. ಆದರೆ ಅಂಥ ಕಥೆಯನ್ನು ಹೇಗೆ ಬರೆಯಬೇಕು ಅನ್ನೋದು ಗೊತ್ತಾಗಿದ್ದು ತುಂಬಾ ತಡವಾಗಿ. ಅದೂ ಅರ್ಧ ಬರೆಯುವ ಮೇಜಿನ ಮುಂದೆ, ಅರ್ಧ ನನ್ನ ಬದುಕಿನಲ್ಲಿ.

ನನ್ನ ಮೊದಲ ಕಾದಂಬರಿಯಲ್ಲಿ ಒಂದು ಕಾಗದ ಕಳೆದುಹೋಗುತ್ತಿತ್ತು. ದೂರ ಹೋದ ಹುಡುಗ ಬರೆದ ಕಾಗದವನ್ನು ಮನೆಯವರು ಯಾರೋ ಬಚ್ಚಿಡುತ್ತಾರೆ. ಹುಡುಗಿ ಕಾದು ಕಾದು ಸೋಲುತ್ತಾಳೆ. ಹತ್ತು ವರ್ಷ ಆದ ಮೇಲೆ ಹಳೇ ಪೆಟ್ಟಿಗೆಯಲ್ಲಿ ಆ ಕಾಗದ ಸಿಗುತ್ತೆ, ಇಬ್ಬರೂ ಅಳುತ್ತಾರೆ, ಒಂದಾಗುತ್ತಾರೆ. ಇನ್ನೂರನಲವತ್ತು ಪುಟ. ಬರೆದು ಮುಗಿಸಿದ ರಾತ್ರಿ ನಾನೂ ಅತ್ತಿದ್ದೆ.

ಹಸ್ತಪ್ರತಿಯನ್ನು ಮೊದಲು ಓದಿದ್ದು ನನ್ನ ಅತ್ತಿಗೆ. ಎರಡೇ ರಾತ್ರಿಯಲ್ಲಿ ಓದಿ ವಾಪಸ್ ತಂದುಕೊಟ್ಟರು. "ಚೆನ್ನಾಗಿದೆ ಕಣೆ," ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಇದ್ರಲ್ಲಿ ಇಬ್ಬರದೂ ಏನೂ ತಪ್ಪಿಲ್ವಲ್ಲ. ಒಂದು ಕಾಗದ ಬರಲಿಲ್ಲ ಅಂದ್ರೆ ಅವನು ಇನ್ನೊಂದು ಬರೀಬಹುದಿತ್ತು. ಅವಳೇ ಹೋಗಿ ಕೇಳಬಹುದಿತ್ತು. ಹತ್ತು ವರ್ಷ ಯಾಕೆ ಸುಮ್ನಿದ್ರು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ನನಗೆ ಎರಡು ಕಡೆ ತಾಗಿತು. ಯಾಕಂದ್ರೆ ಆಗ ನಾನೂ ನನ್ನ ಗಂಡನಿಂದ ದೂರ ಬಂದು ಮೂರು ವರ್ಷ ಆಗಿತ್ತು, ನಾನೂ ಸುಮ್ಮನೇ ಇದ್ದೆ.

ನಮ್ಮಿಬ್ಬರ ನಡುವೆ ದೊಡ್ಡ ಜಗಳ ಏನೂ ಆಗಿರಲಿಲ್ಲ. ನಮ್ಮ ಅಪ್ಪ ತೀರಿಕೊಂಡಾಗ ಅವರು ಬಂದರು, ಸಂಜೆಯೇ ಕೆಲಸ ಇದೆ ಅಂತ ಹೊರಟರು. ಚಪ್ಪಲಿ ಹಾಕಿಕೊಳ್ಳುವಾಗ ಒಂದು ಸಲ ನನ್ನ ಕಡೆ ನೋಡಿದರು. ಇರಿ ಅನ್ನಬೇಕಿತ್ತು ನಾನು, ಅನ್ನಲಿಲ್ಲ. ಇರಲಾ ಅಂತ ಕೇಳಬೇಕಿತ್ತು ಅವರು, ಕೇಳಲಿಲ್ಲ. ಆಮೇಲೆ ಅಮ್ಮ ಒಬ್ಬರೇ ಇದ್ದಾರೆ ಅನ್ನೋ ನೆಪ ಸಿಕ್ಕಿತು. ಒಂದು ವಾರ ಅಂತ ಉಳಿದವಳು ಒಂದು ತಿಂಗಳು ಉಳಿದೆ, ತಿಂಗಳು ಹೋಗಿ ವರ್ಷ ಆಯಿತು. ಯಾರಾದರೂ ಕೇಳಿದರೆ ಅಮ್ಮನಿಗೆ ಹುಷಾರಿಲ್ಲ ಅಂತಿದ್ದೆ. ಅಮ್ಮ ಗಟ್ಟಿಮುಟ್ಟಾಗಿಯೇ ಇದ್ದರು.

ಅತ್ತಿಗೆ ಹೋದ ಮೇಲೆ ಆ ಹಸ್ತಪ್ರತಿಯನ್ನು ಮತ್ತೆ ಓದಿದೆ. ಓದಿದಷ್ಟೂ ಅದು ಸುಳ್ಳು ಅನ್ನಿಸಿತು. ಇಬ್ಬರನ್ನೂ ಒಳ್ಳೆಯವರಾಗಿ ಉಳಿಸಬೇಕು ಅಂತ ತಪ್ಪನ್ನೆಲ್ಲಾ ಒಂದು ಕಾಗದದ ಮೇಲೆ ಹೊರಿಸಿದ್ದೆ. ಅದನ್ನು ಹರಿದು ಹಾಕಿದೆ. ಅವತ್ತಿಂದ ಬರೆಯೋಕೆ ಕೂತಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಮಾತು, ಯಾರು ಏನು ಮಾಡಿದರು? ವಿಧಿ, ಗ್ರಹಚಾರ, ಮನೆಯವರು, ಇವೆಲ್ಲಾ ಕಥೆಯಲ್ಲಿ ಇರಬಹುದು. ಆದರೆ ದೂರವಾಗಿದ್ದಕ್ಕೆ ಇಬ್ಬರಲ್ಲಿ ಒಬ್ಬರದಾದರೂ ಸ್ವಂತ ತಪ್ಪು ಇರಲೇಬೇಕು. ತಪ್ಪೇ ಇಲ್ಲದವರಿಗೆ ಎರಡನೇ ಅವಕಾಶ ಯಾಕೆ ಬೇಕು, ಅಲ್ವಾ?

ಈ ವಿಷಯದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ ಅವರ 'ಪರ್ಸುಯೇಶನ್' ಕಾದಂಬರಿ. ಹತ್ತೊಂಬತ್ತನೇ ವಯಸ್ಸಿನಲ್ಲಿ ಹಿರಿಯರ ಮಾತು ಕೇಳಿ ಪ್ರೀತಿಸಿದವನನ್ನು ಬಿಟ್ಟ ಆನ್, ಎಂಟು ವರ್ಷ ಕಳೆದು ಇಪ್ಪತ್ತೇಳಾದಾಗ ಅವನನ್ನು ಮತ್ತೆ ನೋಡುತ್ತಾಳೆ. ಬೇಡ ಅಂದಿದ್ದು ಅವಳೇ. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಆ ಕಥೆಗಿಂತ ಅದನ್ನು ಬರೆದ ರೀತಿ ನನಗೆ ಇನ್ನೂ ದೊಡ್ಡ ಪಾಠ. ಆಸ್ಟಿನ್ 1816ರ ಜುಲೈನಲ್ಲಿ ಅದನ್ನು ಒಂದು ಸಲ ಮುಗಿಸಿದ್ದರು. ಆ ಮೊದಲ ಕೊನೆಯಲ್ಲಿ ಬೇರೆಯವರೊಬ್ಬರು ಇಬ್ಬರನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಹೋಗುತ್ತಾರೆ, ಮಾತು ಬಂದು ಎಲ್ಲಾ ಸರಿಹೋಗುತ್ತೆ. ಅದು ಅವರಿಗೆ ಒಪ್ಪಿಗೆಯಾಗಲಿಲ್ಲ. ಆಗಸ್ಟ್ ಮೊದಲ ವಾರದೊಳಗೆ ಆ ಭಾಗವನ್ನು ಹೊಸದಾಗಿ ಬರೆದರು. ಹೊಸದರಲ್ಲಿ ಆನ್ ಇನ್ನೊಬ್ಬರ ಜೊತೆ, ಹೆಂಗಸರ ಪ್ರೀತಿ ಎಷ್ಟು ಕಾಲ ಬಾಳುತ್ತೆ ಅಂತ ಮಾತಾಡುತ್ತಿರುತ್ತಾಳೆ. ಅದೇ ಕೋಣೆಯಲ್ಲಿ ಏನೋ ಬರೆಯುತ್ತಾ ಕೂತ ಅವನ ಕಿವಿಗೆ ಅದು ಬೀಳುತ್ತೆ. ಅವನು ಅಲ್ಲೇ ಅವಳಿಗೊಂದು ಪತ್ರ ಬರೆದು ಅವಳ ಮುಂದೆ ಇಟ್ಟು ಹೋಗುತ್ತಾನೆ.

ನೋಡಿ, ಅಲ್ಲೂ ಇರುವುದು ಕಾಗದವೇ. ಆದರೆ ಅದು ಕಳೆದುಹೋಗುವ ಕಾಗದ ಅಲ್ಲ, ಧೈರ್ಯ ಮಾಡಿ ಕೊಟ್ಟ ಕಾಗದ. ಯಾರೋ ತಂದು ಸೇರಿಸಿದ್ದಕ್ಕೆ ಅವರು ಒಂದಾಗಲಿಲ್ಲ. ಅವಳು ಮನಸ್ಸಿನ ಮಾತು ಆಡಿದಳು, ಅವನು ಬರೆದು ಕೊಟ್ಟ. ಆಸ್ಟಿನ್ ಬಿಟ್ಟ ಆ ಹಳೇ ಅಧ್ಯಾಯಗಳ ಹಸ್ತಪ್ರತಿ ಇವತ್ತಿಗೂ ಉಳಿದಿದೆ. 1817ರ ಜುಲೈನಲ್ಲಿ ಅವರು ತೀರಿಕೊಂಡರು, ಪುಸ್ತಕ ಬಂದದ್ದು ಆ ವರ್ಷದ ಕೊನೆಗೆ. ಇದನ್ನು ನೆನೆದಾಗೆಲ್ಲಾ, ನಾನು ಒಂದು ಅಧ್ಯಾಯವನ್ನು ಮೂರನೇ ಸಲ ಬರೆಯೋಕೆ ಬೇಜಾರು ಮಾಡಿಕೊಳ್ಳಬಾರದು ಅನ್ನಿಸುತ್ತೆ.

ಸಣ್ಣ ಊರಿನ ಕಥೆಗೆ ಒಂದು ಅನುಕೂಲ ಇದೆ. ಇಬ್ಬರನ್ನು ಭೇಟಿ ಮಾಡಿಸೋಕೆ ಆಕಸ್ಮಿಕ ಬೇಕಾಗಿಲ್ಲ. ಇರುವುದು ಒಂದೇ ದೊಡ್ಡ ಬೀದಿ, ಹಾಗಾಗಿ ಭೇಟಿ ಆಗೇ ಆಗುತ್ತೆ. ಭೇಟಿ ತಪ್ಪಿಸೋಕೇ ಅವರು ಕಷ್ಟಪಡಬೇಕು, ಆ ಕಷ್ಟವೇ ಕಥೆ. ಅವನು ಬರುವ ಹೊತ್ತು ಗೊತ್ತಿದ್ದು ಅವಳು ಸುತ್ತು ದಾರಿ ಹಿಡಿಯುತ್ತಾಳೆ ಅಂತ ಬರೆದರೆ ಸಾಕು, ಅವಳಿನ್ನೂ ಅವನನ್ನು ಮರೆತಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಇನ್ನೊಂದು, ಊರಿಗೆ ಎಲ್ಲಾ ನೆನಪಿರುತ್ತೆ. ಇಬ್ಬರೂ ಮರೆಯಬೇಕು ಅಂದುಕೊಂಡರೂ ಎದುರು ಸಿಕ್ಕವರು "ಏನಮ್ಮಾ, ಅವರು ಬಂದಿದ್ರಂತೆ?" ಅಂತ ಕೇಳೇ ಕೇಳುತ್ತಾರೆ. ನನ್ನನ್ನೂ ಕೇಳಿದ್ದಾರೆ. ಆ ಪ್ರಶ್ನೆ ಬಂದಾಗ ಎದೆಯಲ್ಲಿ ಏನಾಗುತ್ತೆ ಅಂತ ನನಗೆ ಗೊತ್ತು, ಅದನ್ನು ಹಾಗೇ ಬರೆಯುತ್ತೇನೆ.

ಬರೆಯುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ ಮಾಡಿಕೊಳ್ಳುತ್ತೇನೆ. ಅವನಿಗೆ ಅವಳ ಬಗ್ಗೆ ಆಗ ಏನು ಗೊತ್ತಿತ್ತು, ಈಗ ಏನು ಗೊತ್ತಿಲ್ಲ. ಅವಳದೂ ಹಾಗೇ. ಎರಡನೇ ಪಟ್ಟಿ ಯಾವಾಗಲೂ ಉದ್ದ ಆಗುತ್ತೆ. ಅವಳಿಗೆ ಕನ್ನಡಕ ಬಂದಿರುತ್ತೆ, ಕತ್ತಲೆಯ ಭಯ ಹೋಗಿರುತ್ತೆ. ಅವನಿಗೆ ರಾತ್ರಿ ನಿದ್ದೆ ಬರುತ್ತಿರುವುದಿಲ್ಲ. ಹಳೇ ಹುಡುಗಿಯೇ ಸಿಗುತ್ತಾಳೆ ಅಂತ ಅವನು ಬಂದರೆ ಕಥೆ ಮೊದಲ ಪುಟದಲ್ಲೇ ಸೋತಂತೆ. ಹೊಸಬಳನ್ನು ಪರಿಚಯ ಮಾಡಿಕೊಳ್ಳೋಕೆ ಅವನು ತಯಾರಿದ್ದಾನಾ ಅನ್ನೋದನ್ನು ನಾನು ನೋಡುತ್ತೇನೆ.

ನನ್ನ ಬದುಕಿನಲ್ಲಿ ಅದು ಆಗಿದ್ದು ಹೀಗೆ. ನಾಲ್ಕನೇ ವರ್ಷ ಒಂದು ಭಾನುವಾರ ಬೆಳಿಗ್ಗೆ ನನ್ನ ಗಂಡ ಅಮ್ಮನ ಮನೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ನಾನು ಅಲ್ಲೇ ಬಿಟ್ಟು ಬಂದಿದ್ದ ಹಳೇ ನೋಟ್‌ಬುಕ್, ಅರ್ಧಕ್ಕೆ ನಿಲ್ಲಿಸಿದ್ದ ಒಂದು ಕಥೆ. ರಟ್ಟು ಬಿಟ್ಟುಹೋಗಿತ್ತು, ಅದಕ್ಕೆ ಬಿಳಿ ದಾರ ಹಾಕಿ ಹೊಲಿದಿದ್ದರು. ಹೊಲಿಗೆ ವಕ್ರವಕ್ರ. ಒಳಗೆ ಪೆನ್ಸಿಲ್‌ನಲ್ಲಿ ಒಂದು ಗುರುತು: "ಮೂರನೇ ಅಧ್ಯಾಯದಲ್ಲಿ ಇವಳಿಗೆ 32, ಇಲ್ಲಿ 30?" ಮದುವೆಯಾಗಿ ಅಷ್ಟು ವರ್ಷ ನನ್ನ ಒಂದು ಸಾಲನ್ನೂ ಓದದವರು ವಯಸ್ಸು ಲೆಕ್ಕ ಹಾಕುವಷ್ಟು ಗಮನ ಕೊಟ್ಟು ಓದಿದ್ದರು.

ಕೂತ ಮೇಲೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಅವರು, "ಅವತ್ತು ನಾನು ಹೋಗಬಾರದಿತ್ತು," ಅಂದರು.

ಅವರು ಕ್ಷಮಿಸು ಅನ್ನಲಿಲ್ಲ. ಅಂದಿದ್ದರೆ ನಾನು ಏನೂ ಆಗಿಲ್ಲ ಬಿಡಿ ಅಂತ ತೇಲಿಸಿಬಿಡುತ್ತಿದ್ದೆ. ಅವತ್ತು ಅಂದರು, ಹೋಗಬಾರದಿತ್ತು ಅಂದರು. ಯಾವ ದಿನ, ಯಾವ ತಪ್ಪು, ಎರಡೂ ಅದರಲ್ಲಿತ್ತು. ನಾಲ್ಕು ವರ್ಷ ಗಂಟಲಲ್ಲಿ ಇದ್ದದ್ದು ಆಗ ನನಗೂ ಆಚೆ ಬಂತು. "ಇರಿ ಅಂತ ನಾನೂ ಹೇಳಬೇಕಿತ್ತು," ಅಂದೆ. ನನ್ನ ಪಾತ್ರಗಳು ತಪ್ಪು ಒಪ್ಪಿಕೊಳ್ಳುವ ಜಾಗಕ್ಕೆ ಬಂದಾಗ ಈಗಲೂ ಈ ಎರಡು ಸಾಲುಗಳನ್ನು ನೆನೆಸಿಕೊಳ್ಳುತ್ತೇನೆ. ದೊಡ್ಡ ಮಾತು ಬರುತ್ತಿದ್ದರೆ ಅಳಿಸುತ್ತೇನೆ. ಮಾಡಿದ ಕೆಲಸದ ಹೆಸರು ಬಾಯಿಂದ ಬಂತಾ ಅಂತ ಮಾತ್ರ ನೋಡುತ್ತೇನೆ.

ಆ ದಿನವೇ ನಾನು ಹೊರಟುಬಿಡಲಿಲ್ಲ. ಆರು ತಿಂಗಳು ಅವರು ಪ್ರತಿ ಭಾನುವಾರ ಬಂದರು. ಕೆಲವು ಭಾನುವಾರ ಮಾತೇ ಇರುತ್ತಿರಲಿಲ್ಲ. ಒಂದು ಸಲ ಮತ್ತೆ ಜಗಳವೂ ಆಯಿತು, ಮುಂದಿನ ವಾರ ಬರುವುದಿಲ್ಲವೇನೋ ಅಂದುಕೊಂಡೆ, ಬಂದರು. ಹಾಗಾಗಿ ಈಗ ನಾನು ಭೇಟಿಯಲ್ಲಿ ಕಥೆ ಮುಗಿಸುವುದಿಲ್ಲ. ಅರ್ಧದಲ್ಲೇ ಭೇಟಿ ಮಾಡಿಸುತ್ತೇನೆ, ಉಳಿದ ಅರ್ಧ ಭಾನುವಾರಗಳಿಗೆ.

ಇನ್ನೊಂದನ್ನು ಹೇಳದೇ ಇರಲಾರೆ. ಶುರುವಿನಲ್ಲಿ ಒಂದು ಸಣ್ಣಕಥೆ ಬರೆದಿದ್ದೆ. ಹೊಡೆಯುವ ಗಂಡ ಬದಲಾಗುತ್ತಾನೆ, ಹೆಂಡತಿ ವಾಪಸ್ ಹೋಗುತ್ತಾಳೆ. ಅದನ್ನು ಓದಿದ ಒಬ್ಬ ಹೆಣ್ಣುಮಗಳು ನನಗೆ ಪತ್ರ ಬರೆದರು. ತಾನೂ ಹಾಗೇ ವಾಪಸ್ ಹೋಗಿದ್ದೆ, ನನಗೆ ಆದದ್ದು ನಿಮ್ಮ ಕಥೆಯ ಹಾಗಲ್ಲ ಅಂತ. ಆ ಪತ್ರವನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಆ ಕಥೆಯನ್ನು ಮತ್ತೆ ಎಲ್ಲೂ ಅಚ್ಚಿಗೆ ಕೊಟ್ಟಿಲ್ಲ. ಕೈ ಎತ್ತಿದವನಿಗೆ ನನ್ನ ಕಥೆಯಲ್ಲಿ ಎರಡನೇ ಅವಕಾಶ ಇಲ್ಲ. ಅಂಥ ಕಡೆ ಆ ಅವಕಾಶ ಅವಳದು, ಅವನಿಲ್ಲದ ಬದುಕಿನದು. ಹಾಗೆ ಬರೆದರೆ ಪ್ರೇಮಕಥೆ ಆಗಲ್ಲ ಅಂತ ಕೆಲವರು ಅಂದಿದ್ದಾರೆ. ನನ್ನ ಪ್ರಕಾರ ಆಗುತ್ತೆ.

ಬರವಣಿಗೆಯ ವಿಷಯದಲ್ಲೂ ತಡ ಆಯಿತು ಅಂತ ಕೊರಗುತ್ತಿದ್ದ ದಿನಗಳಿದ್ದವು. ಆಗ ಎಂ.ಕೆ. ಇಂದಿರಾ ನೆನಪಾಗುತ್ತಿದ್ದರು. 1917ರಲ್ಲಿ ಹುಟ್ಟಿದವರು, ಮೊದಲ ಕಾದಂಬರಿ ಬಂದದ್ದು 1963ರಲ್ಲಿ. ಮನೆ ಸಂಸಾರ ಎಲ್ಲಾ ನೋಡಿಕೊಂಡು, ನಲವತ್ತೈದು ದಾಟಿದ ಮೇಲೆ. ಆಮೇಲೆ ಅವರು ಎಷ್ಟು ಬರೆದರು, ಎಷ್ಟು ಮನೆಗಳಲ್ಲಿ ಅವರನ್ನು ಓದಿದರು ಅನ್ನೋದು ನಮಗೆಲ್ಲಾ ಗೊತ್ತೇ ಇದೆ. ಆ ಒಂದು ಲೆಕ್ಕ ನನ್ನನ್ನು ಎಷ್ಟೋ ಬೆಳಗಿನ ಜಾವ ಎಬ್ಬಿಸಿ ಕೂರಿಸಿದೆ.

ಈಗ ಬರೆಯುತ್ತಿರುವುದರಲ್ಲಿ ಹನ್ನೆರಡು ವರ್ಷದ ಅಂತರ ಇದೆ. ಒಂಬತ್ತನೇ ಅಧ್ಯಾಯ ಮುಗಿಸಿ ಎಂದಿನ ಹಾಗೆ ನನ್ನ ಗಂಡನ ಕಡೆ ಇಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಅಂಚಿನಲ್ಲಿ ಪೆನ್ಸಿಲ್ ಅಕ್ಷರ: "ಇವನು ಇನ್ನೂ ಏನು ಮಾಡಿದೆ ಅಂತ ಹೇಳಿಲ್ಲ. ಅವಳು ಇಷ್ಟು ಬೇಗ ಬಾಗಿಲು ತೆಗೀಬಾರದು." ಮತ್ತೆ ಓದಿ ನೋಡಿದೆ, ಹೌದು, ಹೇಳಿರಲಿಲ್ಲ. ಆ ಅಧ್ಯಾಯವನ್ನು ಮೊದಲಿಂದ ಬರೆಯುತ್ತಿದ್ದೇನೆ. ಅವಳು ಇನ್ನೂ ಬಾಗಿಲ ಒಳಗಡೆ ಚಿಲಕದ ಮೇಲೆ ಕೈ ಇಟ್ಟು ನಿಂತಿದ್ದಾಳೆ.