ಮಾರ್ಚ್ ಆಂದೋಲನ ಬಿಟ್ಟು ಮನೆ ಕಂದಾಯ ವಸೂಲಿ: ನನ್ನ ಅನುಭವ

ಕಂದಾಯ ವಸೂಲಿ ಅಂದರೆ ಮಾರ್ಚ್ ತಿಂಗಳ ಆಂದೋಲನ ಅನ್ನೋದು ನಮ್ಮ ಇಲಾಖೆಯ ಹಳೇ ನಂಬಿಕೆ. ಯಾರಿಂದ ಎಷ್ಟು ಬರಬೇಕು, ಎಷ್ಟು ಬಂತು, ಎಷ್ಟು ಬಾಕಿ ಅನ್ನೋ ಡಿಸಿಬಿ ಪಟ್ಟಿ ತಿದ್ದಿಕೊಂಡು ಕೂತರೆ ದುಡ್ಡು ಬರುತ್ತಾ ಅಂತ ಪ್ರಗತಿ ಪರಿಶೀಲನೆಯಲ್ಲಿ ನಕ್ಕವರಿದ್ದರು. ಈಗ ನಮ್ಮ ಗ್ರಾಮ ಪಂಚಾಯಿತಿಯ ವಸೂಲಿ ಹೆಚ್ಚೂಕಡಿಮೆ 9 ಲಕ್ಷದಿಂದ 21 ಲಕ್ಷದ ಹತ್ತಿರಕ್ಕೆ ಬಂದಿದೆ. ನಕ್ಕವರೇ ನಮ್ಮ ಬಿಲ್ಲಿನ ಮಾದರಿ ಕೇಳುತ್ತಿದ್ದಾರೆ.

ಕೆಲಸವೆಲ್ಲ ಇದ್ದದ್ದು ಬೇಡಿಕೆ ಪಟ್ಟಿಯಲ್ಲಿ. ಕಾಗದದ ಮೇಲೆ ಬೇಡಿಕೆ ಸುಮಾರು 38 ಲಕ್ಷ, ಅರ್ಧಕ್ಕಿಂತ ಹೆಚ್ಚು ಹಳೇ ಬಾಕಿ. ಅದರಲ್ಲಿ 9 ಲಕ್ಷದಷ್ಟು ಬಾಕಿಯೇ ಅಲ್ಲ. ಅಣ್ಣತಮ್ಮಂದಿರು ಭಾಗ ಆದಾಗ ಹೊಸ ಖಾತೆ ಎರಡು ಹುಟ್ಟಿವೆ, ತಂದೆ ಹೆಸರಿನ ಹಳೇದೂ ಹಾಗೇ ಓಡುತ್ತಿದೆ. ಬಿದ್ದುಹೋದ ಮನೆಗೂ ಕಂದಾಯ. ಇನ್ನು ಕೆಲವು, ಕೈರಸೀದಿ ಹರಿದುಕೊಟ್ಟು ಪಂಚಾಯಿತಿ ಲೆಕ್ಕದ ತಂತ್ರಾಂಶವಾದ ಪಂಚತಂತ್ರಕ್ಕೆ ಏರಿಸದೇ ಬಿಟ್ಟವು. ಈ ಕೊನೇದು ಎಲ್ಲಕ್ಕಿಂತ ಕೆಟ್ಟದ್ದು: ರಸೀದಿ ಇಟ್ಟುಕೊಂಡವನಿಗೆ ಮತ್ತೆ ಬಾಕಿ ಕೇಳಿದರೆ ಆ ಬೀದಿಯಲ್ಲಿ ಯಾರೂ ಕಟ್ಟೋದಿಲ್ಲ.

ಪಟ್ಟಿ ತಿದ್ದಲು ಕರವಸೂಲಿಗಾರರ ಜೊತೆ ನೀರಗಂಟಿಯನ್ನೂ ಕಳಿಸಿ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾವ ನಲ್ಲಿ ಯಾರ ಹೆಸರಲ್ಲಿದೆ ಅಂತ ಗೊತ್ತಿರೋದು ಅವರಿಗೇ. ತಪ್ಪು ಬಾಕಿಯನ್ನು ಕಂಪ್ಯೂಟರಲ್ಲಿ ಸುಮ್ಮನೆ ಸೊನ್ನೆ ಮಾಡಬೇಡಿ, ಆಡಿಟ್ ಆಕ್ಷೇಪಣೆ ಬಂದೇ ಬರುತ್ತೆ. ಒಂದೊಂದಕ್ಕೂ ಕಾರಣ ಬರೆದು, ಸಾಮಾನ್ಯ ಸಭೆಯ ನಿರ್ಣಯ ಮಾಡಿಸಿ, ತಾಲೂಕು ಪಂಚಾಯಿತಿಯಿಂದ ಲಿಖಿತ ಒಪ್ಪಿಗೆ ಬಂದಮೇಲೆ ತೆಗೆಯಿರಿ. ಇಲ್ಲಿ ತಿಂಗಳುಗಟ್ಟಲೆ ಹೋಗುತ್ತೆ, ಹೋಗಲಿ.

ಬಿಲ್ಲಿನಲ್ಲಿ ಕಂದಾಯ, ಅದರ ಮೇಲಿನ ಕರ (ಸೆಸ್), ನೀರು ಮೂರೂ ಬೇರೆ ಬೇರೆ ಸಾಲು. 400 ರೂಪಾಯಿ ಕಂದಾಯಕ್ಕೆ ಆರೋಗ್ಯ ಕರ ಶೇ. 15, ಶಿಕ್ಷಣ 10, ಗ್ರಂಥಾಲಯ 6, ಭಿಕ್ಷುಕರ ಕರ 3 ಸೇರಿ 136, ಒಟ್ಟು 536. ಒಂದೇ ಮೊತ್ತ ಬರೆದರೆ "ಹೋದ ವರ್ಷ 400 ಅಂದಿದ್ರಿ" ಅಂತ ಜಗಳ ಶುರು. ಹಳೇ ಬಾಕಿ ಬೇರೆ ಹಾಳೆಯಲ್ಲಿ, ಮೂರು ಕಂತಿಗೆ ಒಡೆದು ಕೊಡಿ. ಈ ವರ್ಷದ್ದರ ಜೊತೆ ಕೂಡಿಸಿ 6,000 ಅಂತ ತೋರಿಸಿದರೆ 536 ಕಟ್ಟುವವನೂ ಕಟ್ಟೋದಿಲ್ಲ. ಅಚ್ಚು, ಹಂಚಿಕೆ ಸೇರಿ ಒಂದು ಬಿಲ್ಲಿಗೆ ಎರಡು ಮೂರು ರೂಪಾಯಿ ಬಿತ್ತು. ಬಿಲ್ ಏಪ್ರಿಲ್‌ನಲ್ಲೇ ಮನೆ ಸೇರಬೇಕು. ಎರಡನೇ ಸುತ್ತು ನಮ್ಮ ಕಡೆ ರಾಗಿ, ಜೋಳ ಮಾರಿದ ಮೇಲೆ.

ಬಾಕಿದಾರರ ಹೆಸರು ಆಟೋದಲ್ಲಿ ಮೈಕ್ ಹಿಡಿದು ಕೂಗಿಸೋ ಪ್ರಯೋಗವೂ ಆಯಿತು. ಬಾಡಿಗೆಯೂ ಹುಟ್ಟಲಿಲ್ಲ. ಮೊದಲ ಹೆಸರೇ ಸದಸ್ಯರೊಬ್ಬರ ಸಂಬಂಧಿಯದು, ಮಧ್ಯಾಹ್ನಕ್ಕೆ ಆಟೋ ವಾಪಸ್. ನಲ್ಲಿ ಕಡಿಯೋದಂತೂ ಬೇಡವೇ ಬೇಡ. ಹಳೇ ಪೈಪ್‌ಲೈನ್‌ನಲ್ಲಿ ಒಬ್ಬನದು ಕಡಿದರೆ ನಾಲ್ಕು ಮನೆಗೆ ನೀರಿಲ್ಲ, ಕಟ್ಟಿದವರೂ ಪಂಚಾಯಿತಿಗೆ ಬೀಗ ಹಾಕಲು ಬರುತ್ತಾರೆ. ಕೈಹಿಡಿದದ್ದು ಸ್ವಸಹಾಯ ಸಂಘದ ಮಹಿಳೆಯರು. ವಸೂಲಿಯ ಮೇಲೆ ಸಣ್ಣ ಪ್ರೋತ್ಸಾಹಧನ, ಕೈಯಲ್ಲಿ ಸ್ಥಳದಲ್ಲೇ ಹಣ ಪಡೆದು ರಸೀದಿ ಕೊಡುವ ಪಿಒಎಸ್ ಯಂತ್ರ, ಸಂಜೆಯೊಳಗೆ ಬ್ಯಾಂಕಿಗೆ ಜಮಾ. ನಗದು ಒಂದು ರಾತ್ರಿ ಮನೆಯಲ್ಲಿ ಉಳಿದರೂ ಲೆಕ್ಕ ತಪ್ಪುತ್ತೆ. ಯಂತ್ರ ಸಿಗ್ನಲ್ ಇಲ್ಲದ ಓಣಿಗಳಲ್ಲಿ ಕೈಕೊಡುತ್ತೆ. ಅಂಥ ಕಡೆ ಎರಡು ಕಂಪನಿಯ ಸಿಮ್ ಇಡಿ.

ಮನೆಗಳಿಗಿಂತ ಸುಲಭವಾಗಿ ಬಂದ ದುಡ್ಡು ಮೊಬೈಲ್ ಟವರ್, ಕೋಳಿ ಫಾರಂ, ಕಲ್ಯಾಣ ಮಂಟಪದ್ದು. ನಮ್ಮಲ್ಲಿ ಇವುಗಳಲ್ಲಿ ಅರ್ಧಕ್ಕರ್ಧ ಪಟ್ಟಿಯಲ್ಲೇ ಇರಲಿಲ್ಲ. ಮಂಟಪದವರನ್ನು ಹೇಗೆ ಒಪ್ಪಿಸಿದೆವು ಅನ್ನೋದು ಮಾತ್ರ ಇಲ್ಲಿ ಬರೆಯೋದಿಲ್ಲ.

21 ಲಕ್ಷ ಬಂತು ಅಂತ ಅಷ್ಟಕ್ಕೂ ಕ್ರಿಯಾಯೋಜನೆ ಬರೆದುಬಿಡಬೇಡಿ. ಅದರಲ್ಲಿರೋ ಸೆಸ್ ಮೊತ್ತ ಪಂಚಾಯಿತಿಯದಲ್ಲ, ಆಯಾ ಇಲಾಖೆಗೆ ಹೋಗಬೇಕಾದದ್ದು. ಉಳಿದದ್ದರಲ್ಲಿ ಪರಿಶಿಷ್ಟರ ಶೇ. 25, ಅಂಗವಿಕಲರ ಶೇ. 5 ಮೊದಲೇ ತೆಗೆದಿಡಬೇಕು. ಆಮೇಲೆ ಸಿಬ್ಬಂದಿ ಬಾಕಿ ವೇತನ ಮತ್ತು ಬೀದಿದೀಪದ ಬಿಲ್ಲು ಕಾಯುತ್ತಿರುತ್ತವೆ.