ಮುನ್ನೂರು ಸಿ.ಡಿ. ಮತ್ತು ಮಡಿಕೇರಿ ಮಳೆ

ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ ಫೋಟೊನೇ ಮುಖ್ಯ ಕೆಲಸ. 2004ರಲ್ಲಿ ರೀಲ್ ಬಿಟ್ಟು ಡಿಜಿಟಲ್ ಕ್ಯಾಮೆರಾ ತಗೊಂಡೆ. ಜೊತೆಗಿದ್ದದ್ದು 256 ಎಂಬಿ ಕಾರ್ಡ್. ಎಂಬತ್ತು ಫೋಟೊಗೆ ತುಂಬಿಬಿಡುತ್ತಿತ್ತು. ಕೊಡವ ಮದುವೆಯಲ್ಲಿ ಕೊನೆಗೆ ಬರುವ ಗಂಗಾ ಪೂಜೆಗೆ ಜಾಗ ಉಳಿಯಲಿ ಅಂತ, ಮೊದಲಿನ ಬಾಳೆ ಕಡಿಯುವ ಶಾಸ್ತ್ರದಲ್ಲೇ ಕೈ ಬಿಗಿ ಹಿಡಿಯುತ್ತಿದ್ದೆ.

ಆಮೇಲೆ ಎಲ್ಲವನ್ನೂ 700 ಎಂಬಿ ಸಿ.ಡಿ.ಗೆ ರೈಟ್ ಮಾಡಿ ಕಪಾಟಿಗೆ ಹಾಕುತ್ತಿದ್ದೆ. ನಮ್ಮದು ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಊರು. ಲೆನ್ಸಿಗೆ ಬೂಷ್ಟು ಹಿಡಿಯದಿರಲಿ ಅಂತ ಅದರ ಪೆಟ್ಟಿಗೆಯಲ್ಲಿ ಬಲ್ಬ್ ಉರಿಸುತ್ತಿದ್ದೆ. ಸಿ.ಡಿ.ಗೂ ಬೂಷ್ಟು ಬರುತ್ತೆ ಅನ್ನೋದು ಹೊಳೆದೇ ಇರಲಿಲ್ಲ.

2018ರ ಆಗಸ್ಟಿನಲ್ಲಿ ಮಕ್ಕಂದೂರು ಕಡೆ ಗುಡ್ಡ ಕುಸಿದು ಮನೆಗಳು ಹೋದವಲ್ಲ, ಅದಾಗಿ ಕೆಲವು ತಿಂಗಳಿಗೆ ಆ ಕಡೆಯ ಒಬ್ಬ ಅಕ್ಕ ಬಂದರು. "ಆಲ್ಬಂ ಮನೆ ಜೊತೆಗೇ ಹೋಯ್ತು. ನಿಮ್ಮ ಹತ್ರ ಉಂಟಾ ಅಣ್ಣಾ?" 2006ರ ಮದುವೆ, ಎರಡು ಸಿ.ಡಿ. ಒಂದು ಓಡಿತು. ಇನ್ನೊಂದರಲ್ಲಿ ಅಂಚಿನಿಂದ ಒಳಕ್ಕೆ ಬಳ್ಳಿ ಹಬ್ಬಿದ ಹಾಗೆ ಬೂಷ್ಟು.

ಅದೇ ವಾರ 1 ಟಿಬಿ ಹಾರ್ಡ್ ಡಿಸ್ಕ್ ತಂದೆ. ಸುಮಾರು ಮುನ್ನೂರು ಸಿ.ಡಿ. ಇದ್ದವು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಐದೋ ಆರೋ ಕಾಪಿ ಮಾಡುತ್ತಿದ್ದೆ. ಕೊಳೆಯಾದದ್ದನ್ನು ಸೋಪಿನ ನೀರಲ್ಲಿ ಅದ್ದಿ, ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತ ಒರೆಸಿದರೆ ಗೀರು ಬಿದ್ದು ಪೂರಾ ಕೆಡುತ್ತೆ. ಒಂದು ಡ್ರೈವ್ ಓದದ ಸಿ.ಡಿ.ಯನ್ನು ಇನ್ನೊಂದು ಹಳೇ ಡ್ರೈವ್ ಓದಿದ್ದೂ ಉಂಟು. ಹಾಗಾಗಿ ಗುಜರಿಗೆ ಹಾಕಬೇಕಿದ್ದ ಕಂಪ್ಯೂಟರನ್ನೂ ಇಟ್ಟುಕೊಂಡೆ.

ಎರಡು ತಿಂಗಳಾಯಿತು. ಕಪಾಟು ಖಾಲಿ. ಡಿಸ್ಕ್ ಮಾತ್ರ ಕಾಲು ಭಾಗವೂ ತುಂಬಲಿಲ್ಲ! ಸುಮ್ನೆ ಲೆಕ್ಕ ಹಾಕಿದೆ. ಅಂಗಿ ಜೇಬಿಗೆ ಹೋಗುವ ಆ 1 ಟಿಬಿಯನ್ನು 1.44 ಎಂಬಿ ಫ್ಲಾಪಿಯಲ್ಲಿ ತುಂಬಿಸಿದ್ದರೆ ಸುಮಾರು 6.8 ಲಕ್ಷ ಫ್ಲಾಪಿ ಬೇಕು. ಒಂದರ ಮೇಲೊಂದು ಪೇರಿಸಿದರೆ 2 ಕಿಲೋಮೀಟರ್ ದಾಟುತ್ತೆ. ನಮ್ಮ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ಇರೋದೇ 1,748 ಮೀಟರ್. 1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್ ಡಿಸ್ಕ್ ಬೀರುವಿನಷ್ಟು ದೊಡ್ಡದು, ಹಿಡಿಯುತ್ತಿದ್ದದ್ದು 5 ಎಂಬಿಯಷ್ಟು. ನನ್ನ ಈಗಿನ ಒಂದು ರಾ (ಸಂಸ್ಕರಿಸದ ಮೂಲ) ಫೋಟೊ ಕೂಡ ಅದರಲ್ಲಿ ಕೂರಲ್ಲ.

ಜಾಗ ಜಾಸ್ತಿ ಆಯ್ತು ಅಂತ ಖುಷಿಪಟ್ಟದ್ದು ಸ್ವಲ್ಪ ದಿನ ಅಷ್ಟೇ. ಈಗ ನಾನು ತೆಗೆಯುವ ಫೋರ್‌ಕೆ ವಿಡಿಯೊ ಗಂಟೆಗೆ 45 ಜಿಬಿ ತಿನ್ನುತ್ತೆ. ಫೋಟೊ ಸೇರಿಸಿದರೆ ಒಂದೇ ಮದುವೆಗೆ 200 ಜಿಬಿ. ಅಂದರೆ ಹೆಚ್ಚುಕಮ್ಮಿ ಆ ಮುನ್ನೂರು ಸಿ.ಡಿ.! ಕೈ ಬಿಗಿ ಹಿಡಿಯೋ ಅಭ್ಯಾಸ ಹೋಯ್ತು. ನಾಲ್ಕು ಸಾವಿರ ತೆಗೆದು, ಆರಿಸುವಾಗ ಅಳುತ್ತೇನೆ.

ಈಗ ಪ್ರತಿ ಮದುವೆ ಎರಡು ಡಿಸ್ಕಿಗೆ ಹೋಗುತ್ತೆ. ಒಂದು ಇಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ. ಇನ್ನೊಂದು ಮೈಸೂರಲ್ಲಿ ತಂಗಿ ಮನೆಯಲ್ಲಿ. ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಸಾಗಿಸುತ್ತೇನೆ, ಹಳೆಯದು ಚೆನ್ನಾಗಿದ್ದರೂ.

ಆ ಅಕ್ಕನ ಎರಡನೇ ಸಿ.ಡಿ.ಯಿಂದ ಹೆಚ್ಚಿನ ಫೋಟೊಗಳು ಕೊನೆಗೂ ಬಂದವು. ಸಿ.ಡಿ. ರೈಟ್ ಆಗೋದು ನಡುವಿನಿಂದ ಅಂಚಿಗೆ. ಬೂಷ್ಟು ತಿಂದದ್ದು ಅಂಚನ್ನು. ಗಂಗಾ ಪೂಜೆಯದು ಒಂದೂ ಸಿಗಲಿಲ್ಲ.